ನಿನ್ನೆಯ ಹುರಿದ ಮೀನು

ಕರಾವಳಿಯ ಮನೆಗಳಲ್ಲಿ ನೆಂಟರು ಬಂದುಹೋದ ಮರುದಿನ ಒಂದು ಪ್ರಶ್ನೆಯು ತಪ್ಪದೆ ಏಳುತ್ತದೆ. ಹಿಂದಿನ ರಾತ್ರಿ ಹುರಿದ ಅಂಜಲಿನ ನಾಲ್ಕು ತುಂಡುಗಳೋ ಎರಡು ಬಂಗುಡೆಗಳೋ ಉಳಿದಿರುತ್ತವೆ. ಅವನ್ನು ಏನು ಮಾಡತಕ್ಕದ್ದು? ಚೆಲ್ಲಲು ಮನಸ್ಸು ಬಾರದು. ಅಂಜಲಿನ ಬೆಲೆಯನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ. ಹಾಗೆಯೇ ತಿನ್ನೋಣವೆಂದರೆ, ನಿನ್ನೆ ಗರಿಗರಿಯಾಗಿದ್ದ ರವೆಯ ಹೊರಪದರವು ಇಂದು ಒದ್ದೆಬಟ್ಟೆಯಂತೆ ಮೆತ್ತಗಾಗಿರುತ್ತದೆ.

ಸಂಸ್ಕೃತವನ್ನು ಕಲಿಸುತ್ತ ಆಯುಷ್ಯವನ್ನು ಕಳೆದವನಿಗೆ ಮೀನಿನ ವಿಚಾರವೇಕೆಂದು ಹುಬ್ಬೇರಿಸುವವರು ಇರಬಹುದು. ಸುಶ್ರುತನು ತನ್ನ ಸಂಹಿತೆಯ ಅನ್ನಪಾನವಿಧಿಯಲ್ಲಿ ನದಿಯ ಮೀನು, ಕಡಲ ಮೀನು ಎಂದು ವಿಂಗಡಿಸಿ ಅವುಗಳ ಗುಣದೋಷಗಳನ್ನು ಹೇಳಿರುವನು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೀನಿನ ಅಡುಗೆಗೂ ಗಾಳ ಹಾಕುವ ವಿನೋದಕ್ಕೂ ಎಡೆಗೊಟ್ಟಿರುವನು. ಅರಸನಿಗಿಲ್ಲದ ಸಂಕೋಚವು ಮಾಸ್ತರನಿಗೇಕೆ?

ರಾತ್ರಿ ಕಳೆದ ಆಹಾರಕ್ಕೆ ಸಂಸ್ಕೃತದಲ್ಲಿ ಪರ್ಯುಷಿತವೆಂದು ಹೆಸರು. ಧರ್ಮಶಾಸ್ತ್ರಕಾರರು ಸಾಮಾನ್ಯವಾಗಿ ಅದನ್ನು ನಿಷೇಧಿಸಿದವರೇ. ಆದರೂ ಎಣ್ಣೆ ತುಪ್ಪಗಳಿಂದ ಕೂಡಿದ ನಿರ್ದುಷ್ಟವಾದ ಪದಾರ್ಥವು ತಂಗಳಾದರೂ ಉಣ್ಣಬಹುದೆಂದು ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ ಒಂದು ವಿನಾಯಿತಿಯುಂಟು. ನನ್ನ ಪರಿಚಯದ ಮಹಾಶಯರೊಬ್ಬರು ಈ ವಿನಾಯಿತಿಯನ್ನು ಹುರಿದ ಬಂಗುಡೆಗೆ ಅನ್ವಯಿಸಿ ನಿಶ್ಚಿಂತರಾಗಿರುವರು. ಅರ್ಥವನ್ನು ಬೇಕಾದತ್ತ ಎಳೆಯುವುದರಲ್ಲಿ ನಮ್ಮವರು ಮೊದಲಿನಿಂದಲೂ ನಿಪುಣರು. ಆದರೆ ಮೇಲೆ ಸವರಿದ ಎಣ್ಣೆಯು ಒಳಗಿನ ಮೀನನ್ನು ಕಾಯಲಾರದು.

ಮೆತ್ತಗಾಗುವ ಕಾರಣವನ್ನು ಮೊದಲು ತಿಳಿಯೋಣ. ಹುರಿಯುವಾಗ ಹೊರಮೈಯ ನೀರು ಆವಿಯಾಗಿ ಹೋಗಿ ರವೆಯು ಒಣಗುತ್ತದೆ. ಒಳಗಿನ ಮಾಂಸದಲ್ಲಿ ಮಾತ್ರ ನೀರು ಬಹುಮಟ್ಟಿಗೆ ಉಳಿದಿರುತ್ತದೆ. ತಣಿದ ಮೇಲೆ ಆ ನೀರು ಮೆಲ್ಲಮೆಲ್ಲನೆ ಹೊರಗಣ ಒಣಪದರಕ್ಕೆ ಸಾಗುತ್ತದೆ. ಬಿಸಿಬಿಸಿಯಾದ ಮೀನನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರಂತೂ ಆವಿಯು ಮುಚ್ಚಳಕ್ಕೆ ತಾಗಿ ಹನಿಹನಿಯಾಗಿ ಮರಳಿ ಬೀಳುತ್ತದೆ. ಆದಕಾರಣ ಮರುದಿನ ನಾವು ಹೊರಗಿನ ನೀರನ್ನು ಪುನಃ ಓಡಿಸಬೇಕು, ಒಳಗಿನದನ್ನು ಉಳಿಸಿಕೊಳ್ಳಬೇಕು. ಮೈಕ್ರೋವೇವ್ ಒಲೆಯು ಇದಕ್ಕೆ ಒದಗದು. ಅದು ಒಳಗಿನ ನೀರನ್ನೇ ಕಾಯಿಸಿ ಆವಿಯನ್ನು ಹೊರಕ್ಕೆ ತಳ್ಳುವುದರಿಂದ ಹೊರಪದರವು ತೊಯ್ದು, ಮಾಂಸವು ರಬ್ಬರಿನಂತಾಗಿ, ಮೇಲಾಗಿ ಮನೆಯೆಲ್ಲ ವಾಸನೆ ಹಬ್ಬುತ್ತದೆ. ಸಾರಿಗೆ ಅದು ಸರಿ, ಹುರಿದದ್ದಕ್ಕೆ ಸಲ್ಲದು.

ನಮ್ಮ ಹಳೆಯ ಕಬ್ಬಿಣದ ಕಾವಲಿಯೇ ಇದಕ್ಕೆ ತಕ್ಕ ಸಾಧನ. ಫ್ರಿಜ್ಜಿನಿಂದ ತೆಗೆದ ಮೀನನ್ನು ಹತ್ತು ನಿಮಿಷ ಹೊರಗಿಟ್ಟು, ಮೇಲಿನ ಪಸೆಯನ್ನು ಒಣಬಟ್ಟೆಯಿಂದ ಒತ್ತಿ ತೆಗೆಯಿರಿ. ತೆಂಗಿನೆಣ್ಣೆಯು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಸ್ವಭಾವದ್ದಾದುದರಿಂದ ಅದರಲ್ಲಿ ಹುರಿದ ತುಂಡುಗಳ ಮೇಲೆ ಬಿಳಿಯ ಪೊರೆಯೊಂದು ಕಾಣಬಹುದು. ಕೆಟ್ಟಿತೆಂದು ಗಾಬರಿಗೊಳ್ಳಬೇಡಿರಿ, ಕೆರೆದು ಹಾಕಲೂ ಬೇಡಿರಿ. ಕಾವಲಿಯ ಮೇಲೆ ಕರಗಿ ಅದೇ ಹುರಿಯುವ ಎಣ್ಣೆಯಾಗುತ್ತದೆ. ಬೇಕಾದರೆ ಅರ್ಧ ಚಮಚ ಹೊಸ ಎಣ್ಣೆ ಸಾಕು. ನಿನ್ನೆಯ ಬಾಣಲೆಯಲ್ಲಿ ಉಳಿದ ಕರಿ ಎಣ್ಣೆಯನ್ನು ಮಾತ್ರ ಮುಟ್ಟಬೇಡಿರಿ. ಕಾವಲಿಯು ಮೊದಲು ಚೆನ್ನಾಗಿ ಕಾಯಬೇಕು. ಮೀನನ್ನು ಇಟ್ಟ ಬಳಿಕ ಉರಿಯನ್ನು ತಗ್ಗಿಸಬೇಕು. ಅರ್ಧ ಅಂಗುಲ ದಪ್ಪದ ಅಂಜಲಿನ ತುಂಡಿಗೆ ಒಂದೊಂದು ಬದಿಗೆ ಮೂರು ನಿಮಿಷ ಹಿಡಿಯುತ್ತದೆ. ಇಡೀ ಬಂಗುಡೆಯಾದರೆ ಮೊದಲ ಎರಡು ನಿಮಿಷ ಮುಚ್ಚಿ, ಅನಂತರ ಮುಚ್ಚಳ ತೆಗೆದು ನಿಧಾನವಾಗಿ ಎರಡೂ ಬದಿ ಕಾಯಿಸಬೇಕು. ನಡುಮುಳ್ಳಿನ ಬಳಿ ಬಿಡಿಸಿ ನೋಡಿದರೆ ಹಬೆಯೇಳಬೇಕು. ಉಷ್ಣಮಾಪಕವಿರುವವರು ಅಲ್ಲಿ 74 ಡಿಗ್ರಿಯನ್ನು ಕಾಣಬೇಕು. ಓವನ್ ಉಳ್ಳವರು 180 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಡಬಹುದು. ಒಮ್ಮೆ ಬಿಸಿಮಾಡಿದುದನ್ನು ಇನ್ನೊಮ್ಮೆ ಬಿಸಿಮಾಡತಕ್ಕದ್ದಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಚೆನ್ನಾಗಿ ಕಾಯಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆಯು ನಮ್ಮಲ್ಲಿ ಬೇರೂರಿರುವುದು. ಮೀನಿನ ಮಟ್ಟಿಗೆ ಅದು ಅರ್ಧ ಮಾತ್ರ ಸತ್ಯ. ಬಂಗುಡೆ, ಬೂತಾಯಿ, ಅಂಜಲು ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ವಸ್ತುವು ಹೇರಳವಾಗಿದೆ. ಹಸಿ ಮೀನು ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಬಿದ್ದಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಬೆಂಕಿಯು ಆ ಜೀವಿಗಳನ್ನು ಕೊಲ್ಲುವುದು. ಅವು ಮಾಡಿಟ್ಟ ಹಿಸ್ಟಮಿನ್ನನ್ನು ನಾಶಮಾಡಲಾರದು. ನೋಟದಲ್ಲಿ, ವಾಸನೆಯಲ್ಲಿ ಅದು ತಿಳಿಯದೆಯೂ ಇರಬಹುದು. ಅಂಥ ಮೀನನ್ನು ತಿಂದ ಕೆಲವೇ ನಿಮಿಷಗಳಲ್ಲೋ ಒಂದೆರಡು ತಾಸಿನಲ್ಲೋ ಮುಖ ಕೆಂಪೇರಿ, ಬಾಯಿ ಉರಿದು, ತಲೆನೋವು, ಎದೆಬಡಿತ, ಮೈಮೇಲೆ ದದ್ದು, ಭೇದಿಗಳು ತೋರಬಹುದು. ಮನೆಯವರು ಪಿತ್ತವೆಂದೋ ಮೀನು ಒಗ್ಗದೆಂದೋ ಹೇಳಿ ಸುಮ್ಮನಾಗುವರು. ಸಾಮಾನ್ಯವಾಗಿ ಒಂದು ದಿನದೊಳಗೆ ಶಮನವಾಗುವುದಾದರೂ ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಕಷಾಯ ಕುದಿಸುತ್ತ ಕೂರದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಹಾಗಾಗಿ ಉಳಿದ ಮೀನಿನ ಯೋಗ್ಯತೆಯು ಮಾರುಕಟ್ಟೆಯಲ್ಲಿಯೇ ಅರ್ಧ ನಿರ್ಣಯವಾಗುತ್ತದೆ, ಉಳಿದರ್ಧ ಊಟ ಮುಗಿದ ರಾತ್ರಿ. ಹುರಿದ ಮೀನು ಎರಡು ತಾಸಿಗಿಂತ ಹೆಚ್ಚು ಹೊರಗಿರಬಾರದು; ಸೆಕೆಯು 32 ಡಿಗ್ರಿಗೆ ಮೇಲ್ಪಟ್ಟಾಗ ಒಂದೇ ತಾಸು. ನಮ್ಮ ಹಿರಿಯರು ಉಳಿದುದನ್ನು ನೆಲವಿನಲ್ಲಿ ತೂಗುಹಾಕುತ್ತಿದ್ದರು. ಸಂಸ್ಕೃತದಲ್ಲಿ ಅದನ್ನು ಶಿಕ್ಯವೆನ್ನುವರು. ಅದು ಬೆಕ್ಕನ್ನು ತಡೆಯಿತು, ಸೂಕ್ಷ್ಮಜೀವಿಗಳನ್ನಲ್ಲ. ತಟ್ಟೆಯಲ್ಲಿ ಹರವಿ ಆರಿಸಿ, ಆಳವಿಲ್ಲದ ಡಬ್ಬಿಯಲ್ಲಿ ಕಾಗದ ಹಾಸಿ, ಅರ್ಧ ತಾಸಿನೊಳಗೆ 4 ಡಿಗ್ರಿಯ ಫ್ರಿಜ್ಜಿನಲ್ಲಿಡಿರಿ. ಮರುದಿನವೇ ಮುಗಿಸುವುದು ಲೇಸು. ಮೂರನೆಯ ದಿನವನ್ನು ಮೀರಕೂಡದು. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಬಾಗಿಲು ತೆರೆಯದ ಫ್ರಿಜ್ಜು ಸುಮಾರು ನಾಲ್ಕು ತಾಸು ತಂಪನ್ನು ಹಿಡಿದಿಡುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ ಬೆಲೆಯನ್ನು ಮರೆತು ಚೆಲ್ಲಬೇಕು.

ಚೆಲ್ಲುವುದೇ ಕಷ್ಟ. ಈ ಸಂಶಯದ ತುಂಡು ಯಾರ ತಟ್ಟೆಗೆ ಬೀಳುತ್ತದೆಂಬುದನ್ನು ನಮ್ಮ ಗೃಹಸ್ಥರು ಎಂದಾದರೂ ನೋಡಿರುವರೇ? ಯಜಮಾನನಿಗೂ ಮಕ್ಕಳಿಗೂ ಹೊಸ ಅಡುಗೆ, ಉಳಿದುದು ಮನೆಯಾಕೆಗೆ. ಮಗುವಿಗೆ ಕೊಡಲು ಅಂಜುವುದನ್ನು ಆಕೆ ತಾನು ತಿನ್ನಲು ಅಂಜುವುದಿಲ್ಲ. ನಮ್ಮ ಬೀದಿಯ ಮನೆಯೊಂದರಲ್ಲಿ ಬಸುರಿಯಾದ ಸೊಸೆಯು ಮಧ್ಯಾಹ್ನದಿಂದ ಹೊರಗೇ ಇದ್ದ ಬಂಗುಡೆಯನ್ನು ರಾತ್ರಿ ಬಿಸಿಮಾಡಿಕೊಂಡು, “ದಂಡವಾಗುತ್ತದಲ್ಲ ಅತ್ತೇ” ಎಂದು ತಿನ್ನಲು ಕುಳಿತಳಂತೆ. ಅತ್ತೆ ತಟ್ಟೆಯನ್ನೇ ಎತ್ತಿಕೊಂಡು, “ಬೆಕ್ಕಿಗೂ ಹಾಕಲಾರೆ, ನಿನಗೆ ಹಾಕಲೇ ಮಗಾ?” ಎಂದರಂತೆ. ಅಂಥ ಅತ್ತೆಯು ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಇಲ್ಲದಲ್ಲಿ ಆ ಮಾತನ್ನು ಗಂಡನು ಆಡಬೇಕು. ಮೀನು ಚೆನ್ನಾಗಿದ್ದರೆ ಅದರಲ್ಲಿ ತನ್ನ ಪಾಲನ್ನೂ ಕೇಳಬೇಕು.

ನಿನ್ನೆಯ ಮೀನು ಸಾರನ್ನು ಹೊಗಳುವವರು ನಮ್ಮಲ್ಲಿ ಬಹಳ. ಹುಳಿ ಖಾರಗಳು ಮಾಂಸಕ್ಕಿಳಿದು ರುಚಿ ಏರುವುದು ನಿಜ. ಸಾರಿನ ಮೀನಿಗೆ ಕಳೆದುಕೊಳ್ಳಲು ಗರಿಯೂ ಇಲ್ಲ. ಹುರಿದ ಮೀನಿಗೆ ಆ ಭಾಗ್ಯವಿಲ್ಲದಿದ್ದರೂ, ಸರಿಯಾಗಿ ಇಟ್ಟ ಅಂಜಲಿಗೆ ಬೇರೊಂದು ದಾರಿಯುಂಟು. ತಣ್ಣಗಿರುವಾಗಲೇ ಮುಳ್ಳನ್ನು ಎಚ್ಚರದಿಂದ ಬಿಡಿಸಿ ಮಾಂಸವನ್ನು ಪುಡಿಮಾಡಿರಿ. ಕಾವಲಿಯಲ್ಲಿ ನೀರುಳ್ಳಿ, ಹಸಿಮೆಣಸು, ಕರಿಬೇವುಗಳನ್ನು ಬಾಡಿಸಿ, ಈ ಪುಡಿಯನ್ನು ಹಾಕಿ ಹಬೆಯೇಳುವವರೆಗೆ ಮಗುಚಿ, ಕೊನೆಗೆ ಒಂದು ಹಿಡಿ ತೆಂಗಿನತುರಿಯನ್ನು ಉದುರಿಸಿ ಇಳಿಸಿರಿ. ಮಸಾಲೆಯ ಉಪ್ಪು ಮೊದಲೇ ಇರುವುದರಿಂದ ರುಚಿ ನೋಡದೆ ಉಪ್ಪು ಹಾಕಬೇಡಿರಿ. ಕುಚ್ಚಲಕ್ಕಿಯ ಗಂಜಿಯೊಡನೆ ನಾಲ್ಕು ತುಂಡುಗಳು ಹೀಗೆ ಆರು ಮಂದಿಗೆ ಒದಗುತ್ತವೆ.