ಬರಬೇಡಿ ಎನ್ನುವ ವಾಸನೆ

ಕೆಂಪುಮೂತಿ ಹುಳವನ್ನು ಹಿಡಿಯಲು ತೋಟದಲ್ಲಿ ಬಕೆಟ್ ಕಟ್ಟಿ, ಅದರೊಳಗೆ ಮೋಹಕ ವಾಸನೆಯ ಪೊಟ್ಟಣ ತೂಗುಹಾಕುವುದು ನಮ್ಮ ಜಿಲ್ಲೆಯ ತೆಂಗು ಕೃಷಿಕರಿಗೆ ಹೊಸತಲ್ಲ. ಉತ್ತರ ಅಮೆರಿಕದ ಪಶ್ಚಿಮ ಪರ್ವತಗಳಲ್ಲಿ ಪೈನ್ ಮರಗಳನ್ನು ಉಳಿಸಲು ಇದಕ್ಕೆ ತದ್ವಿರುದ್ಧವಾದ ಉಪಾಯವೊಂದು ರೂಢಿಯಲ್ಲಿದೆ. ಇಲ್ಲಿ ವಾಸನೆ ಹುಳವನ್ನು ಕರೆಯುತ್ತದೆ, ಅಲ್ಲಿ ಅಟ್ಟುತ್ತದೆ.

ಅಲ್ಲಿಯ ತೊಗಟೆ ದುಂಬಿ ಒಂದು ಅಕ್ಕಿಕಾಳಿನಷ್ಟು. ಒಂದೆರಡು ಬಂದರೆ ಗಟ್ಟಿಮರವು ಅಂಟು ಸುರಿಸಿ ಅವನ್ನು ಮುಳುಗಿಸಿಬಿಡುತ್ತದೆ. ಆದರೆ ಮೊದಲು ಕೊರೆದ ಹೆಣ್ಣು ದುಂಬಿ, ಆ ಅಂಟಿನಲ್ಲಿರುವ ಪೈನೀನ್ ಎಂಬ ವಸ್ತುವನ್ನೇ ಮೈಯೊಳಗೆ ಮಾರ್ಪಡಿಸಿ ಬಳಗವನ್ನು ಕರೆಯುವ ವಾಸನೆ ಹೊರಡಿಸುತ್ತದೆ. ಮರದ ಆಯುಧ ಮರಕ್ಕೇ ತಿರುಗಿತು! ನೂರಾರು ದುಂಬಿಗಳು ಮುತ್ತುತ್ತವೆ. ಅವು ಹೊತ್ತು ತಂದ ಬೂಸ್ಟು ಮರದೊಳಗಿನ ನೀರಿನ ದಾರಿಯನ್ನು ಕಟ್ಟುತ್ತದೆ. ಮರುವರ್ಷಕ್ಕೆ ಎಲೆ ಕೆಂಪಾಗಿ ಮರ ಸತ್ತಿರುತ್ತದೆ. ಮರ ತುಂಬಿದ ಮೇಲೆ ಮಾತ್ರ ವರ್ಬಿನೋನ್ ಎಂಬ ಇನ್ನೊಂದು ವಾಸನೆ ಹೊರಡುತ್ತದೆ. ಬಸ್ಸು ಭರ್ತಿಯಾಗಿದೆ, ಇಲ್ಲಿ ಹತ್ತಬೇಡಿ ಎಂಬ ಕಂಡಕ್ಟರನ ಕೂಗು ಅದು. ಈ ವರ್ಬಿನೋನನ್ನು ಸಣ್ಣ ಚೀಲದಲ್ಲಿ ತುಂಬಿ, ಬೇಸಿಗೆಯಲ್ಲಿ ದುಂಬಿ ಹಾರುವ ಮೊದಲೇ ಕಾಂಡಕ್ಕೆ ಸಿಕ್ಕಿಸುತ್ತಾರೆ.

ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಹಾಗಾದರೆ ಆ ದುಂಬಿ ಎಲ್ಲಿಗೆ ಹೋಗುತ್ತದೆ ಸರ್?" ಎಂದು ಕೇಳಿದ. ಬೇರೆ ಮರಕ್ಕೆ ಎನ್ನದೆ ನಮಗೆ ಗತ್ಯಂತರವಿರಲಿಲ್ಲ.

ಹುಡುಗನ ಪ್ರಶ್ನೆಯಲ್ಲೇ ವಿಷಯದ ತಿರುಳಿದೆ. ವರ್ಬಿನೋನ್ ಕೊಲ್ಲುವುದಿಲ್ಲ, ದುಂಬಿ ವಿಪರೀತ ಹೆಚ್ಚಿದಾಗ ಅದರ ಮಾತು ನಡೆಯುವುದೂ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದಿಂದ ಎದ್ದ ಬಾಧೆಯು ಸುಮಾರು 1.8 ಕೋಟಿ ಹೆಕ್ಟೇರ್ ಕಾಡಿಗೆ ತಟ್ಟಿತು. ಅದು ಕೇರಳದ ನಾಲ್ಕು ಪಟ್ಟಿಗೂ ಮಿಗಿಲು. ಮರಿಹುಳಗಳನ್ನು ಕೊಲ್ಲುತ್ತಿದ್ದ ಕಡುಚಳಿ ತಗ್ಗಿದ್ದು, ಕಾಡ್ಗಿಚ್ಚನ್ನು ತಡೆತಡೆದು ಮುದಿ ಪೈನ್‌ಗಳೇ ಒತ್ತಾಗಿ ಉಳಿದದ್ದು ಅದಕ್ಕೆ ಕಾರಣ. ಅಷ್ಟು ಮರಕ್ಕೆ ಚೀಲ ಕಟ್ಟುವುದು ಆಗುಹೋಗುವ ಮಾತಲ್ಲ.

ಆದುದರಿಂದ, ವಿಷವಿಲ್ಲದೆ ಕಾಡನ್ನು ಕಾಯುವ ಮದ್ದು ಸಿಕ್ಕಿತೆಂದು ಹಿಗ್ಗುವವರ ಮಾತನ್ನು ನಾವು ಒಪ್ಪುವುದಿಲ್ಲ. ಕಾಡು ಉಳಿಯದಿದ್ದರೆ ಇದೇಕೆ ಎಂದು ತಳ್ಳಿಹಾಕುವುದನ್ನೂ ಒಪ್ಪೆವು. ಬೆಟ್ಟದ ತುದಿಯ ಬಿಳಿತೊಗಟೆ ಪೈನ್ ಕಾಯಿ ಬಿಡಲು ದಶಕಗಳು ಬೇಕು. 2022ರಲ್ಲಿ ಅಮೆರಿಕ ಸರಕಾರ ಅದನ್ನು ಅಪಾಯದಲ್ಲಿರುವ ಮರಗಳ ಪಟ್ಟಿಗೆ ಸೇರಿಸಿತು. ಕಾರ್ಬರಿಲ್ ಸಿಂಪಡಿಸಿದರೆ ಫಲ ಇನ್ನೂ ಖಚಿತವೇನೋ ನಿಜ, ಆದರೆ ಆ ಎತ್ತರಕ್ಕೆ ಪಂಪು, ನೀರು ಹೊತ್ತೊಯ್ಯುವವರು ಯಾರು? ಚೀಲವಾದರೆ ಜೇಬಿನಲ್ಲಿ ಹೋಗುತ್ತದೆ. ಯಾವ ಮರಕ್ಕೆ ಕಟ್ಟಬೇಕೆಂಬುದನ್ನು ದುಂಬಿ ಕಡಿಮೆಯಿರುವ ವರ್ಷದಲ್ಲೇ ನಿಶ್ಚಯಿಸಬೇಕು.

ನಮ್ಮ ತೆಂಗಿನ ಬಕೆಟ್ಟಿಗೂ ಹುಡುಗನ ಪ್ರಶ್ನೆ ತಿರುವುಮುರುವಾಗಿ ಅನ್ವಯಿಸುತ್ತದೆ. ಆ ಹುಳ ಎಲ್ಲಿಂದ ಬಂತು? ಒಬ್ಬರೇ ಬಕೆಟ್ ಕಟ್ಟಿದರೆ ನೆರೆಯ ತೋಟದ ಹುಳಕ್ಕೂ ಕರೆ ಹೋಗುತ್ತದೆ; ಬಂದದ್ದೆಲ್ಲ ಬಕೆಟ್ಟಿಗೇ ಬೀಳುವುದೆಂಬ ಭರವಸೆಯಿಲ್ಲ. ಕಟ್ಟುವ ಮೊದಲು ಬೇಲಿಯಾಚೆಯವರಲ್ಲಿ ಒಂದು ಮಾತು ಹೇಳಿ, ಅವರೂ ಕಟ್ಟುವಂತೆ ಮಾಡುವುದು ಲೇಸು.