ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?



ತಲೆಬರಹದಲ್ಲಿರುವ ಗಾದೆಯನ್ನು ನೀವೆಲ್ಲರೂ ಕೇಳಿಯೇ ಇದ್ದೀರಿ. ಉಪಕಾರವನ್ನು ಮರೆಯುವವರ ಕುರಿತು ನಮ್ಮ ಹಿರಿಯರು ಈ ಮಾತನ್ನು ಕಟ್ಟಿದರು. ಇಂದು ನಮ್ಮ ಭಾಗದಲ್ಲಿ ಅದು ಅಕ್ಷರಶಃ ನಿಜವಾಗಿದೆ. ಹೊಳೆಗಳಿಗೆ ಸೇತುವೆಗಳಾದವು, ಅಂಬಿಗನೂ ಅವನ ಹರಿಗೋಲೂ ನಮ್ಮ ನೆನಪಿನಿಂದ ಜಾರುತ್ತಿವೆ. ಇದು ತಡೆಯಬಹುದಾದ ನಷ್ಟವೆಂಬುದು ನನ್ನ ಅಭಿಪ್ರಾಯ.

ನಮ್ಮದು ಎಡೆದೊರೆ ನಾಡು. ಎರಡು ತೊರೆಗಳ ನಡುವಿನ ನಾಡೆಂದೇ ಅದರ ಅರ್ಥ. ಸಿಂಧನೂರು ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ, ಲಿಂಗಸುಗೂರಿನ ಉತ್ತರದ ಅಂಚಿನಲ್ಲಿ ಕೃಷ್ಣೆ. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನ ದೊರೆತದ್ದನ್ನು ನಾವು ಹೆಮ್ಮೆಯಿಂದ ಪಾಠ ಮಾಡಿದೆವು, ಮಾಡಬೇಕಾದದ್ದೇ. ಆದರೆ ಕಲ್ಲಿನ ಮೇಲೆ ಕೊರೆದದ್ದು ಮಾತ್ರ ಪರಂಪರೆಯಲ್ಲ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ಚರ್ಮ ಹೊದಿಸಿ, ಒಂದೇ ಹುಟ್ಟಿನಿಂದ ಸುಳಿ ತಪ್ಪಿಸಿ ದಡ ಮುಟ್ಟಿಸುವ ವಿದ್ಯೆಯೂ ಪರಂಪರೆಯೇ. ಈಗ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಕೆಲವೆಡೆ ಫೈಬರಿನ ಹರಿಗೋಲುಗಳೇ ತೇಲುತ್ತಿವೆ. ಆಕಾರ ಮಾತ್ರ ಹಳೆಯದು.

ಎಷ್ಟು ಹಳೆಯದು? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಚರ್ಮ ಹೊದಿಸಿದ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ ಕೂರುತ್ತಿದ್ದರಂತೆ, ಅಗತ್ಯಬಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರಂತೆ. ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುವ ಅವುಗಳ ನಡೆಯನ್ನೂ ಆತ ಗಮನಿಸಿದ್ದ. ಅವನಿಗಿಂತ ನಾಲ್ಕು ಶತಮಾನ ಮೊದಲೇ ಅಂಬಿಗರ ಚೌಡಯ್ಯ ಕಾಯಕವನ್ನೂ ವಚನವನ್ನೂ ಒಂದಾಗಿಸಿ ಬದುಕಿದ್ದರು. ಪ್ರತಿ ವರ್ಷ ಜನವರಿ 21ರಂದು ಅವರ ಜಯಂತಿ ಆಚರಿಸುತ್ತೇವೆ. ಭಾವಚಿತ್ರಕ್ಕೆ ಹಾರ ಬೀಳುತ್ತದೆ, ವೇದಿಕೆಯಲ್ಲಿ ಭಾಷಣಗಳಾಗುತ್ತವೆ. ಹೊಳೆಯ ಕಡೆಗೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

ಇಲ್ಲಿ ದೂರದ ಒಂದು ನಿದರ್ಶನ ಕೊಡುವೆ. ಐರ್ಲೆಂಡಿನ ಗಾಲ್ವೇ ಕೊಲ್ಲಿಯಲ್ಲಿ ಕಿನ್ವಾರಾ ಎಂಬ ಪುಟ್ಟ ಬಂದರು ಊರಿದೆ. ಒಲೆಗೆ ಉರುವಲಾಗುವ ಪೀಟ್ ಎಂಬ ಜೌಗುಮಣ್ಣಿನ ಹೆಂಟೆಗಳನ್ನು ಕೊಲ್ಲಿಯ ಆಚೆ ದಡದಿಂದ ಹಾಯಿದೋಣಿಗಳು ಅಲ್ಲಿಗೆ ಹೊತ್ತು ತರುತ್ತಿದ್ದವು. ಲಾರಿಗಳು ಬಂದವು, ದೋಣಿಗಳು ದಡದಲ್ಲಿ ಕೊಳೆಯತೊಡಗಿದವು. ಆಗ ಊರವರೇ ಕೂಡಿ 1979ರಲ್ಲಿ 'ದೋಣಿಗಳ ಕೂಟ' ಎಂಬ ಅರ್ಥದ ಹೆಸರಿನಲ್ಲಿ ಒಂದು ಹಬ್ಬವನ್ನು ಆರಂಭಿಸಿದರು. ಹಳೆಯ ದೋಣಿಗಳು ಮತ್ತೆ ನೀರಿಗಿಳಿದವು; ಪಂದ್ಯ, ಹಾಡು, ಕುಣಿತ ಎಲ್ಲವೂ ಜೊತೆಗೂಡಿದವು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅದೇ ದೇಶದ ಬಾಯ್ನ್ ನದಿಯಲ್ಲಿ ನಮ್ಮ ಹರಿಗೋಲಿನ ದಾಯಾದಿಯೇ ಇತ್ತು. ಬುಟ್ಟಿಯಂಥ ಹಂದರ, ಮೇಲೆ ಎತ್ತಿನ ಚರ್ಮ. ಮದರಾಸಿನ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳ ಬಗೆಗೂ ಐರ್ಲೆಂಡಿನ ಚರ್ಮದ ದೋಣಿಗಳ ಬಗೆಗೂ 1930ರ ದಶಕದಲ್ಲಿ ಬರೆದರು. ಹೊರಗಿನವರು ಅಧ್ಯಯನಯೋಗ್ಯವೆಂದು ಕಂಡದ್ದು ನಮಗೆ ಬಡವರ ಬುಟ್ಟಿಯಾಗಿ ಮಾತ್ರ ಕಂಡಿತು.

'ಸೇತುವೆ ಇರುವಾಗ ಹರಿಗೋಲು ಏಕೆ?' ಎಂದು ಕೇಳುವವರಿದ್ದಾರೆ. ಉತ್ತರವನ್ನು ಹೊಳೆಯೇ ಕೊಟ್ಟಿದೆ. 2009ರ ನೆರೆಯನ್ನು ನಮ್ಮ ಜಿಲ್ಲೆ ಮರೆತಿಲ್ಲ. 2019ರಲ್ಲಿ ಶೀಲಹಳ್ಳಿಯ ಸೇತುವೆ ಮುಳುಗಿ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳ ಸಂಪರ್ಕ ಕಡಿಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳೆಲ್ಲ ಎದೆ ಬಡಿದುಕೊಂಡು ಕುಳಿತಿದ್ದವು. ಅಂಥ ಹೊತ್ತಿನಲ್ಲಿ ಸರ್ಕಾರದ ದೋಣಿ ಬರುವ ಮುನ್ನ ಬೇಕಾಗುವುದು ಸೆಳವು ಎಲ್ಲಿ, ಮಡು ಎಲ್ಲಿ, ಬಂಡೆ ಎಲ್ಲಿ ಎಂದು ಬಲ್ಲ ಸ್ಥಳೀಯನ ಕಣ್ಣು. ಆ ಅರಿವು ಪುಸ್ತಕದಲ್ಲಿಲ್ಲ. ಹೊಳೆದಂಡೆಯ ಹಳ್ಳಿಗಳಿಂದ ನನ್ನ ತರಗತಿಗೆ ಬರುತ್ತಿದ್ದ ಹುಡುಗರು ನೀರಿನ ಬಣ್ಣ ನೋಡಿ ಆಳ ಹೇಳುತ್ತಿದ್ದರು. ಅವರ ಮಕ್ಕಳಿಗೆ ಈಜೂ ಬಾರದೆಂದರೆ ನಾವು ಮುಂದುವರಿದಿದ್ದೇವೆ ಎನ್ನಲಾದೀತೇ?

ಎರಡು ಆಕ್ಷೇಪಗಳನ್ನು ಮಾತ್ರ ಗಂಭೀರವಾಗಿ ಪರಿಗಣಿಸಬೇಕು. ಮೊದಲನೆಯದು ಅಪಾಯ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲದ ಬಳಿ ಕೃಷ್ಣೆಯಲ್ಲಿ ಹರಿಗೋಲು ಮಗುಚಿ ಜೀವಹಾನಿಯಾಯಿತು. ಆದ್ದರಿಂದಲೇ ಜೀವರಕ್ಷಕ ಜಾಕೆಟ್ಟು, ಜನರ ಮಿತಿ, ತುಂಬಿದ ಹೊಳೆಗೆ ಇಳಿಯದ ನಿಯಮ ಇವೆಲ್ಲ ಕಡ್ಡಾಯವಾಗಬೇಕು. ಎರಡನೆಯದು, ಅಂಬಿಗರ ಮಕ್ಕಳನ್ನು ಮತ್ತೆ ಹುಟ್ಟಿಗೇ ಕಟ್ಟಿಹಾಕುವ ಭಯ. ಅದು ಸಲ್ಲದು. ಅವರು ಓದಿ ವೈದ್ಯರಾಗಲಿ, ಎಂಜಿನಿಯರರಾಗಲಿ. ಆದರೆ ವಿದ್ಯೆ ಒಂದು ಜಾತಿಯ ಹೊರೆಯಾಗಿ ಉಳಿಯದೆ ಊರಿನ ಎಲ್ಲ ಮಕ್ಕಳ ಸೊತ್ತಾಗಲಿ. ಕಲಿಸುವ ಹಿರಿಯರಿಗೆ ಗೌರವಧನವೂ ಗುರುಸ್ಥಾನವೂ ಸಲ್ಲಲಿ.

ನನ್ನ ಸಲಹೆ ಸರಳ. ಚೌಡಯ್ಯನವರ ಜಯಂತಿಯ ದಿನವೇ, ಮಳೆಗಾಲದ ಅಬ್ಬರವಿಲ್ಲದ ಆ ಜನವರಿಯಲ್ಲಿ, ತುಂಗಭದ್ರೆಯ ದಂಡೆಯಲ್ಲೊಂದು ಹರಿಗೋಲು ಹಬ್ಬ ನಡೆಯಲಿ. ಹಂಪಿ ಉತ್ಸವದಲ್ಲಿ ಕಮಲಾಪುರದ ಕೆರೆಯಲ್ಲಿ ಹರಿಗೋಲು ಸ್ಪರ್ಧೆ ನಡೆದದ್ದುಂಟು, ನಮ್ಮಲ್ಲಿ ಏಕಾಗಬಾರದು? ಹೆಣೆಯುವವರು ಮಕ್ಕಳೆದುರು ಹೆಣೆಯಲಿ. ಹಿರಿಯ ಅಂಬಿಗರ ಮಾತನ್ನು ಯುವಕರು ಮೊಬೈಲಿನಲ್ಲಿ ದಾಖಲಿಸಲಿ. ರಾತ್ರಿ ಭಜನೆ, ತತ್ವಪದ, ಬಯಲಾಟ ಇರಲಿ. ಸಾಲಗುಂದದಂಥ ಊರುಗಳ ಶಾಲೆಗಳು ಮಕ್ಕಳನ್ನು ಕರೆತರಲಿ, ಬೇಸಿಗೆಯಲ್ಲಿ ಈಜು ಕಲಿಸಲಿ.

ನಿಮ್ಮಲ್ಲಿ ಹಲವರು ಈಗ ಪಂಚಾಯಿತಿ ಸದಸ್ಯರು, ಶಿಕ್ಷಕರು, ಅಧಿಕಾರಿಗಳು. ಕೆಲವರು ಬೆಂಗಳೂರಿನಲ್ಲಿ, ಪರದೇಶದಲ್ಲಿ ಇದ್ದೀರಿ. ನೀವೆಲ್ಲರೂ ಒಂದೊಂದು ಹೊಳೆ ದಾಟಿದವರೇ. ದಾಟಿಸಿದವರ ಹಂಗನ್ನು ನೆನೆಯುವ ಸರದಿ ಈಗ ನಮ್ಮದು. ಹಿರಿಯ ಅಂಬಿಗರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.