ಅರಬರ ಹಾಡು, ಉಪ್ಪಿನ ಋಣ



ನನ್ನಲ್ಲಿ ಓದಿದವರ ಪೈಕಿ ಉದ್ಯೋಗ ಅರಸಿ ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಸಂಖ್ಯೆ ಚಿಕ್ಕದಲ್ಲ. ಅವರಲ್ಲಿ ಅನೇಕರು ರಜೆಯಲ್ಲಿ ಊರಿಗೆ ಬಂದಾಗ ಮನೆಗೆ ಬಂದು, ಖರ್ಜೂರದ ಪೊಟ್ಟಣವೊಂದನ್ನು ಕೈಯಲ್ಲಿಟ್ಟು, ಕ್ಷೇಮಸಮಾಚಾರ ಹೇಳಿ ಹೋಗುತ್ತಾರೆ. ಅವರನ್ನು ನಾನು ತಪ್ಪದೆ ಕೇಳುವ ಎರಡು ಪ್ರಶ್ನೆಗಳಿವೆ. "ಅಲ್ಲಿಯ ಹಾಡು ಏನಾದರೂ ಕೇಳಿದೆಯೇನಪ್ಪ? ಅಲ್ಲಿಯವರು ಯಾರಾದರೂ ಸ್ನೇಹಿತರಾದರೆ?" ಹೆಚ್ಚಿನವರು ನಕ್ಕುಬಿಡುತ್ತಾರೆ. "ಅವರ ಹಾಡು ನಮಗೆಲ್ಲಿ ಅರ್ಥವಾಗುತ್ತೆ ಸಾರ್, ಎಲ್ಲಾ ಒಂದೇ ತರಹ ಕೇಳಿಸುತ್ತೆ" ಎನ್ನುತ್ತಾರೆ. ಹದಿನೈದು ವರ್ಷ ಅಲ್ಲಿದ್ದವನೂ ಇದನ್ನೇ ಹೇಳಿದಾಗ ನನಗೆ ವ್ಯಥೆಯಾಗುತ್ತದೆ.

ಅರಬ್ ರಾಷ್ಟ್ರಗಳ ಒಕ್ಕೂಟದಲ್ಲಿ ಇಂದು 22 ದೇಶಗಳಿವೆ. ಅಲ್ಲಿ ವಾಸಿಸುವವರು ನಲವತ್ತು ಕೋಟಿಗೂ ಮಿಕ್ಕಿದ ಜನ. ಅಷ್ಟು ಜನರನ್ನು ಎಣ್ಣೆ, ಯುದ್ಧ, ಸಂಬಳ ಎಂಬ ಮೂರು ಮಾತುಗಳಲ್ಲಿ ಮುಗಿಸಿಬಿಡುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಂತೂ ಅವರು ಕಲೆ, ಸಾಹಿತ್ಯ, ಸಂಗೀತಗಳ ಗಂಧವೇ ಇಲ್ಲದವರೆಂದು ಸಾರುತ್ತವೆ. ನಮ್ಮ ಬಂಧುವರ್ಗದಲ್ಲಿಯೂ ಅಂತಹ ಸಂದೇಶಗಳನ್ನು ಮುಂದಕ್ಕೆ ಕಳುಹಿಸುವವರಿದ್ದಾರೆ. ಒಂದು ಜನಾಂಗವನ್ನು ತಿಳಿಯಬೇಕಾದರೆ ಅದರ ಸುದ್ದಿಗಿಂತ ಮೊದಲು ಅದರ ಹಾಡನ್ನು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಸಮರ್ಥಿಸುವುದಕ್ಕಾಗಿಯೇ ಈ ಲೇಖನ.

ಮೊದಲಿಗೆ, ಅರಬ್ಬಿ ನಮಗೆ ತೀರ ಅಪರಿಚಿತ ಭಾಷೆಯೇನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಪ್ರತಿದಿನ ಬೆಳಿಗ್ಗೆ ಪುಸ್ತಕ ಹಿಡಿದು ನಿಮ್ಮ ಹೆಸರುಗಳನ್ನು ಕೂಗಿದೆನಲ್ಲ, ಆ 'ಹಾಜರಿ' ಅರಬ್ಬಿಯದು. ನಿಮಗೆ ನಾನು ಹಾಕಿದ ಸವಾಲು, ನೀವು ಕೊಟ್ಟ ಜವಾಬು, ನೀವು ಹೊಡೆದ ನಕಲು ಇವೂ ಅರಬ್ಬಿಯವೇ. ಜಿಲ್ಲೆ, ತಾಲ್ಲೂಕು, ವಕೀಲ, ಹುಕುಂ, ಅಸಲು, ಮಾಮೂಲು ಇವೆಲ್ಲ ಪಾರಸಿ, ಉರ್ದುಗಳ ದಾರಿಯಾಗಿ ನಮ್ಮ ಮನೆಯೊಳಗೆ ಬಂದು ಕುಳಿತಿವೆ. ನಾವು ದಿನವೂ ಕುಡಿಯುವ ಕಾಫಿಯ ಹೆಸರು ಅರಬ್ಬಿಯ 'ಕಹ್ವಾ' ಶಬ್ದದಿಂದ ಬಂದದ್ದು. ಅದರ ಬೀಜಗಳನ್ನು ಬಾಬಾಬುಡನ್ನರು ಯೆಮನ್ ದೇಶದಿಂದ ಚಿಕ್ಕಮಗಳೂರಿನ ಗಿರಿಗೆ ತಂದರೆಂಬುದು ನಾವೆಲ್ಲರೂ ಕೇಳಿರುವ ಐತಿಹ್ಯ.

ಈಗ ಸಂಗೀತಕ್ಕೆ ಬರೋಣ. ನಮ್ಮಲ್ಲಿ ರಾಗವಿರುವಂತೆ ಅವರಲ್ಲಿ 'ಮಕಾಮ್' ಇದೆ. ಆ ಪದಕ್ಕೆ ನಿಲ್ಲುವ ಸ್ಥಳ, ನೆಲೆ ಎಂದು ಅರ್ಥ. ಸಾಹೇಬರು ಪ್ರವಾಸಿಮಂದಿರದಲ್ಲಿ 'ಮೊಕ್ಕಾಂ' ಮಾಡಿದ್ದಾರೆ ಎನ್ನುತ್ತೇವಲ್ಲ, ಆ ಮಾತೂ ಇದೇ ಧಾತುವಿನದು. ಹಿಜಾಝ್ ಎಂಬ ಮಕಾಮಿನ ಸ್ವರಗಳು ನಮ್ಮ ವಕುಳಾಭರಣಕ್ಕೆ ಬಹಳ ಸಮೀಪ. ಹಿಜಾಝ್‌ಕಾರ್ ಎಂಬುದು ಮಾಯಾಮಾಳವಗೌಳದ ಸ್ವರಗಳನ್ನು ಹೋಲುತ್ತದೆ, ಅಂದರೆ ನಮ್ಮ ಮನೆಗಳ ಮಕ್ಕಳು ಸರಳೆ ವರಸೆ ಕಲಿಯುವ ರಾಗವೇ! ನಹಾವಂದ್ ಕೇಳಿದರೆ ಕೀರವಾಣಿ ನೆನಪಾಗುತ್ತದೆ. ಪಿಟೀಲಿನಂತೆ ಮೆಟ್ಟಿಲುಗಳಿಲ್ಲದ, ಹೊಟ್ಟೆ ದುಂಡಗಿರುವ 'ಊದ್' ಅವರ ಮುಖ್ಯ ತಂತಿವಾದ್ಯ. ಅದರ ಮೇಲೆ ವಾದಕನು ತಾಳವಿಲ್ಲದೆ, ಮನೋಧರ್ಮದಿಂದ ಮಕಾಮನ್ನು ಬಿಡಿಸುತ್ತಾ ಹೋಗುವುದಕ್ಕೆ 'ತಕ್ಸೀಮ್' ಎಂದು ಹೆಸರು. ನಮ್ಮ ಆಲಾಪನೆಯನ್ನು ಬಲ್ಲವನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಎಪ್ಪತ್ತಕ್ಕೂ ಹೆಚ್ಚು ತಂತಿಗಳಿರುವ ಇನ್ನೊಂದು ವಾದ್ಯದ ಹೆಸರು 'ಕಾನೂನ್'. ನಮ್ಮ ನ್ಯಾಯಾಲಯದ ಕಾನೂನೂ ಅದೇ ಪದ. ಶ್ರುತಿಯೂ ಒಂದು ಶಾಸನವೇ ತಾನೆ!

ಸಾಮ್ಯಗಳಿರುವಂತೆ ಭೇದಗಳೂ ಇವೆ. ನಮ್ಮ ತಂಬೂರಿಯ ನಿರಂತರ ನಾದ ಅವರಲ್ಲಿಲ್ಲ. ನಾವು ರಾಗಮಾಲಿಕೆಯಂತಹ ರಚನೆಗಳನ್ನು ಬಿಟ್ಟರೆ ಹಿಡಿದ ರಾಗದಲ್ಲೇ ನಿಲ್ಲುತ್ತೇವೆ. ಅವರು ಒಂದು ಮಕಾಮಿನಿಂದ ಹೊರಟು, ನೆರೆಯ ಮಕಾಮುಗಳನ್ನು ಸುತ್ತಿ, ಮತ್ತೆ ಮೊದಲಿನ ನೆಲೆಗೆ ಮರಳುತ್ತಾರೆ. ಆ ಮರಳುವಿಕೆಯಲ್ಲಿಯೇ ಕೇಳುಗನಿಗೆ ಪರಮಸುಖ. ಇನ್ನು ರಾಸ್ತ್, ಬಯಾತಿ ಮುಂತಾದ ಮಕಾಮುಗಳಲ್ಲಿ ನಮ್ಮ ಹನ್ನೆರಡು ಸ್ವರಸ್ಥಾನಗಳಲ್ಲಿ ಕೂರದ ಸ್ವರಗಳಿವೆ. ರಾಸ್ತ್ ಮಕಾಮಿನ ಗಾಂಧಾರವು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ನಿಲ್ಲುತ್ತದೆ. ಹೊಸಬರ ಕಿವಿಗೆ ಅದು ಅಪಸ್ವರದಂತೆ ತೋರುವುದುಂಟು. ನಾಲ್ಕು ದಿನ ಕೇಳಿ, ಅದು ಇಲ್ಲದಿದ್ದರೆ ಹಾಡು ಸಪ್ಪೆಯೆನಿಸುತ್ತದೆ.

ಈ ಸೂಕ್ಷ್ಮ ಸ್ವರಗಳ ಕುರಿತು ಅವರು ನಡೆಸಿದ ಚಿಂತನೆಯೂ ಸಾಮಾನ್ಯವಾದುದಲ್ಲ. ಹತ್ತನೆಯ ಶತಮಾನದಲ್ಲಿಯೇ ತತ್ತ್ವಜ್ಞಾನಿ ಅಲ್ ಫಾರಾಬಿ ಸಂಗೀತಶಾಸ್ತ್ರದ ಬಗ್ಗೆ ಅರಬ್ಬಿಯಲ್ಲಿ ಬೃಹದ್ಗ್ರಂಥವನ್ನು ರಚಿಸಿದ್ದನು. 1932ರಲ್ಲಿ ಈಜಿಪ್ಟಿನ ರಾಜ ಫುವಾದ್ ಕೈರೋ ನಗರದಲ್ಲಿ ಅರಬ್ ಸಂಗೀತದ ಮಹಾಸಮ್ಮೇಳನವನ್ನು ಏರ್ಪಡಿಸಿದನು. ಹಂಗೇರಿಯ ಬೇಲಾ ಬಾರ್ಟೋಕ್, ಜರ್ಮನಿಯ ಪಾಲ್ ಹಿಂಡೆಮಿತ್‌ರಂತಹ ಸಂಗೀತಜ್ಞರು ಅಲ್ಲಿಗೆ ಬಂದಿದ್ದರು. ಸ್ವರಗಳ ಸ್ಥಾನವನ್ನು ಅಳತೆಗೆ ಕಟ್ಟಬಹುದೆ, ಪಿಯಾನೋವಿನಂತಹ ಸ್ಥಿರಸ್ವರದ ವಾದ್ಯಗಳು ಈ ಸಂಗೀತಕ್ಕೆ ಸಲ್ಲುವುವೆ ಎಂಬ ಚರ್ಚೆ ಬಿಸಿಬಿಸಿಯಾಗಿ ನಡೆಯಿತು. ನಮ್ಮ ಆಕಾಶವಾಣಿಯು ಗಮಕಕ್ಕೆ ಒಗ್ಗದೆಂಬ ಆಕ್ಷೇಪದ ಮೇಲೆ 1940ರಲ್ಲಿ ಹಾರ್ಮೋನಿಯಂ ವಾದ್ಯಕ್ಕೆ ಬಹಿಷ್ಕಾರ ಹಾಕಿದ್ದನ್ನು ನೆನೆದರೆ, ಎರಡೂ ನಾಡುಗಳ ಚಿಂತೆ ಒಂದೇ ಆಗಿತ್ತೆಂಬುದು ತಿಳಿಯುತ್ತದೆ.

ಅರಬರ ಸಂಗೀತದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ಅವರ 'ತರಬ್' ಎಂಬ ಕಲ್ಪನೆ. ಹಾಡುವವರೂ ಕೇಳುವವರೂ ಕೂಡಿ ಮೈಮರೆಯುವ ಆನಂದಕ್ಕೆ ಆ ಹೆಸರು. ಅದನ್ನು ಗಾಯಕ ಒಬ್ಬನೇ ಉಂಟುಮಾಡಲಾರ. ತಿಳಿದು ಕೇಳುವವರು ಎದುರಿಗಿರಬೇಕು. ಅಂತಹ ಕೇಳುಗರಿಗೆ ಅವರಲ್ಲಿ 'ಸಮ್ಮೀಆ' ಎಂಬ ಪ್ರತ್ಯೇಕ ಹೆಸರೇ ಇದೆ. ನಮ್ಮ ಕಾವ್ಯಮೀಮಾಂಸೆಯ 'ಸಹೃದಯ'ನನ್ನು ತರಗತಿಯಲ್ಲಿ ವಿವರಿಸುವಾಗ ಬೇಕಾಗಿದ್ದ ಉದಾಹರಣೆ ನನಗೆ ಸಿಕ್ಕಿದ್ದು ಕೈರೋದ ಧ್ವನಿಮುದ್ರಣಗಳಲ್ಲಿ!

ಆ ಧ್ವನಿಮುದ್ರಣಗಳು ಉಮ್ ಕುಲ್ಸೂಮ್ ಎಂಬ ಮಹಾಗಾಯಕಿಯವು. ನೈಲ್ ನದಿಯ ಮುಖಜಭೂಮಿಯ ಬಡ ಹಳ್ಳಿಯಲ್ಲಿ ಮಸೀದಿಯ ಇಮಾಮರ ಮಗಳಾಗಿ ಹುಟ್ಟಿದ ಆಕೆ, ಬಾಲ್ಯದಲ್ಲಿ ಹುಡುಗನ ವೇಷ ತೊಟ್ಟು ತಂದೆಯ ಜೊತೆ ಊರೂರಿಗೆ ಹೋಗಿ ಭಕ್ತಿಗೀತೆ ಹಾಡಿದಳು. ಕುರಾನ್ ಪಠಣದ ಶಿಕ್ಷಣದಿಂದ ಆಕೆಯ ಉಚ್ಚಾರ ಸ್ಫುಟವಾಯಿತು. ಮುಂದೆ ದಶಕಗಳ ಕಾಲ, ಸಂಗೀತದ ಋತುವಿನಲ್ಲಿ ತಿಂಗಳ ಮೊದಲ ಗುರುವಾರದ ರಾತ್ರಿ ಆಕೆಯ ಕಛೇರಿಯನ್ನು ಕೈರೋ ರೇಡಿಯೋ ಬಿತ್ತರಿಸುತ್ತಿತ್ತು. ಒಂದೊಂದು ಹಾಡೂ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದೇ ಸಾಲನ್ನು ಹತ್ತಾರು ಬಗೆಯಲ್ಲಿ ಹೊರಳಿಸಿ ಹಾಡುವಳು, ಸಭೆ "ಅಲ್ಲಾಹ್!" ಎಂದು ಉದ್ಗರಿಸುವುದು, ಮತ್ತೊಮ್ಮೆ ಎಂದು ಬೇಡುವುದು, ಆಕೆ ಹೊಸದಾಗಿ ಆರಂಭಿಸುವಳು. ಮಹಮ್ಮದ್ ಅಬ್ದುಲ್ ವಹಾಬ್ ರಾಗ ಸಂಯೋಜಿಸಿದ 1964ರ 'ಇಂತಾ ಉಮ್ರಿ' ಹಾಡನ್ನು ಕೇಳಿ ನೋಡಿ. ಅದರಲ್ಲಿ ವಿದ್ಯುತ್ ಗಿಟಾರೂ ಇದೆ. ಸಂಪ್ರದಾಯವೆಂದರೆ ಕಿಟಕಿ ಮುಚ್ಚಿದ ಕೋಣೆಯಲ್ಲ ಎಂಬುದಕ್ಕೆ ಅದೇ ಸಾಕ್ಷಿ. 1967ರ ಯುದ್ಧದಲ್ಲಿ ಈಜಿಪ್ಟ್ ಸೋತು ಕುಗ್ಗಿದಾಗ ಆಕೆ ಪ್ಯಾರಿಸ್‌ನಿಂದ ಹಿಡಿದು ಅರಬ್ ನಗರಗಳವರೆಗೆ ಹಾಡಿ, ಬಂದ ಹಣವನ್ನು ದೇಶದ ಬೊಕ್ಕಸಕ್ಕೆ ಒಪ್ಪಿಸಿದಳು. 1975ರ ಫೆಬ್ರವರಿ 3ರಂದು ಆಕೆ ತೀರಿಕೊಂಡಾಗ ಕೈರೋದ ಬೀದಿಗಳಲ್ಲಿ ಜನಸಾಗರವೇ ನೆರೆಯಿತು.

ನನಗೆ ಇದನ್ನೆಲ್ಲ ಕಿವಿಗೊಟ್ಟು ಕೇಳುವುದನ್ನು ಕಲಿಸಿದವರು ಒಬ್ಬ ಮೇಷ್ಟ್ರು. ನಿವೃತ್ತಿಯ ನಂತರ, 2019ರಲ್ಲಿ, ಮಗನ ಮನೆಯಲ್ಲಿರಲು ಕೆಲವು ತಿಂಗಳು ಮಸ್ಕತ್ತಿಗೆ ಹೋಗಿದ್ದೆ. ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿ ಈಜಿಪ್ಟಿನವರೊಬ್ಬರಿದ್ದರು. ಅಲ್ಲಿಯ ಶಾಲೆಗಳಲ್ಲಿ ಬಹಳ ಕಾಲ ಗಣಿತ ಪಾಠ ಮಾಡಿ ನಿವೃತ್ತರಾದವರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ! ಅವರು ನನ್ನನ್ನು 'ಉಸ್ತಾಝ್' ಎನ್ನುವರು, ನಾನು ಅವರನ್ನು 'ಉಸ್ತಾದರೇ' ಎನ್ನುವೆನು. ಅರ್ಥ ಒಂದೇ, ಮೇಷ್ಟ್ರು. ಸಂಜೆ ಅವರ ಮನೆಯ ಜಗಲಿಯಲ್ಲಿ ಕುಳಿತು ಆ ಹಾಡುಗಳನ್ನು ಹಾಕುತ್ತಿದ್ದರು. ಸಾಲಿನ ಅರ್ಥವನ್ನು ಮೊದಲು ಹೇಳುತ್ತಿರಲಿಲ್ಲ. ಬೆರಳೆತ್ತಿ, ಸುಮ್ಮನಿರುವಂತೆ ಸನ್ನೆ ಮಾಡಿ, ಸ್ವರ ತನ್ನ ನೆಲೆಗೆ ಮರಳುವ ಕ್ಷಣಕ್ಕೆ ಸರಿಯಾಗಿ ಕೈ ಇಳಿಸುತ್ತಿದ್ದರು. ಒಂದು ದಿನ ನಾನು ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣವೊಂದನ್ನು ಕೇಳಿಸಿದೆ. ಭಾಷೆ ತಿಳಿಯದು, ರಾಗ ತಿಳಿಯದು; ಆದರೂ ಬುವಾ ಅವರು ಷಡ್ಜಕ್ಕೆ ಬಂದು ನಿಂತಾಗ ಉಸ್ತಾದರ ಬಾಯಿಂದ "ಅಲ್ಲಾಹ್!" ಎಂಬ ಉದ್ಗಾರ ಹೊರಟಿತು. ನಮ್ಮ ಧಾರವಾಡದ ರಸಿಕರು "ಭಲೇ" ಎನ್ನುತ್ತಿದ್ದುದು ಅದೇ ಜಾಗದಲ್ಲಿ. ನಮ್ಮ ಸ್ನೇಹ ಅಂದು ಗಟ್ಟಿಯಾಯಿತು. ಈಗ ಅವರು ಸ್ವಂತ ಊರಿಗೆ ಮರಳಿದ್ದಾರೆ. ಇಂದಿಗೂ ಹಾಡುಗಳ ಮೂಲಕ ನಮ್ಮ ಯೋಗಕ್ಷೇಮ ವಿಚಾರಣೆ ನಡೆಯುತ್ತದೆ.

ಈಜಿಪ್ಟಿನವರು ಆಪ್ತರನ್ನು ಕುರಿತು "ನಮ್ಮ ನಡುವೆ ರೊಟ್ಟಿ ಮತ್ತು ಉಪ್ಪು ಇದೆ" ಎನ್ನುತ್ತಾರೆ. ಅವರ ಆಡುಮಾತಿನಲ್ಲಿ ರೊಟ್ಟಿಗೆ 'ಐಶ್' ಎಂದು ಹೆಸರು. ಆ ಪದದ ಮೂಲಾರ್ಥ ಬದುಕು. ಉಪ್ಪಿನ ಋಣ ಎಂಬ ಮಾತನ್ನು ಬಲ್ಲ ಕನ್ನಡಿಗರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಈ ಋಣ ನಿನ್ನೆ ಮೊನ್ನೆಯದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ, ಅರಬ್ಬಿ ಮಾತಾಡುವ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲಸಿದ್ದನು. ಏಡನ್ ಬಂದರಿನ ಗೆಳೆಯರು ಅವನಿಗೆ ಅರಬ್ಬಿಯಲ್ಲಿ ಓಲೆ ಬರೆದು, ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದಗಳನ್ನು ಕಳುಹಿಸುತ್ತಿದ್ದರು. ಅವನ ಪರವಾಗಿ ವ್ಯಾಪಾರಕ್ಕೆ ಸಮುದ್ರ ದಾಟಿದವನು ಬೊಮ್ಮ ಎಂಬ ತುಳುನಾಡಿನ ಸೇವಕ. ಕೈರೋದ ಹಳೆಯ ಯಹೂದಿ ಮಂದಿರವೊಂದರಲ್ಲಿ ಉಳಿದುಬಂದ ಆ ಓಲೆಗಳನ್ನು ಆಧರಿಸಿ ಅಮಿತಾವ್ ಘೋಷ್ 1992ರಲ್ಲಿ ಪುಸ್ತಕವನ್ನೇ ಬರೆದರು. ನಮ್ಮ ಕರಾವಳಿಗೆ ಅರಬ್ಬಿಯಲ್ಲಿ ಕುಶಲಪ್ರಶ್ನೆ ಬಂದು ಒಂಬತ್ತು ಶತಮಾನಗಳಾಗುತ್ತ ಬಂದಿವೆ.

ಆಕ್ಷೇಪಗಳೂ ನನಗೆ ತಿಳಿದಿವೆ. "ಸಾರ್, ನೀವು ಅತಿಥಿಯಾಗಿ ಹೋಗಿದ್ದಿರಿ, ನಾವು ಆಳಾಗಿ ಹೋಗಿದ್ದೇವೆ" ಎಂದು ಒಬ್ಬ ಶಿಷ್ಯ ನನಗೆ ನೇರವಾಗಿಯೇ ಹೇಳಿದ. ಅವನ ಮಾತಿನಲ್ಲಿ ಸತ್ಯವಿದೆ. ಕಾರ್ಮಿಕನ ವಾಸ್ತವ್ಯದ ಹಕ್ಕನ್ನು ಮಾಲೀಕನಿಗೆ ಕಟ್ಟಿಹಾಕುವ 'ಕಫಾಲಾ' ಪದ್ಧತಿಯಿಂದ ನಮ್ಮ ಜನ ಪಟ್ಟ ಪಾಡು ಸಣ್ಣದಲ್ಲ. ಬಿಸಿಲಿನಲ್ಲಿ ಹನ್ನೆರಡು ಗಂಟೆ ದುಡಿದು ಬಂದವನಿಗೆ ತಕ್ಸೀಮ್ ಕೇಳು ಎಂದು ಉಪದೇಶಿಸುವ ಧೈರ್ಯ ನನಗಿಲ್ಲ. ಅಸಮಾನರ ನಡುವೆ ಸ್ನೇಹ ಕಷ್ಟ. ಆದರೆ ಅರಬರೆಲ್ಲ ಮಾಲೀಕರಲ್ಲ. ಕೊಲ್ಲಿಯ ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ನಿಮ್ಮ ಪಕ್ಕದ ಮೇಜಿನಲ್ಲಿ ಕುಳಿತಿರುವ ಈಜಿಪ್ಟ್, ಸುಡಾನ್, ಸಿರಿಯಾ ದೇಶಗಳವರು ನಿಮ್ಮಂತೆಯೇ ಮನೆಮಠ ಬಿಟ್ಟು ದುಡಿಯಲು ಬಂದವರು. ಸಿರಿಯಾದ ಅಲೆಪ್ಪೋ ನಗರದ 'ಕುದೂದ್' ಎಂಬ ಗಾಯನ ಪರಂಪರೆಯನ್ನು ಯುನೆಸ್ಕೊ 2021ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಯುದ್ಧದಿಂದ ಆ ನಗರದ ಹಳೆಯ ಭಾಗ ಜರ್ಝರಿತವಾಗಿ, ಹಾಡುವವರೂ ಕೇಳುವವರೂ ದೇಶಾಂತರ ಹೋಗಿದ್ದರು. ಅಂತಹ ಊರಿನವನು ನಿಮ್ಮ ಸಹೋದ್ಯೋಗಿಯಾಗಿದ್ದರೆ, "ನಿಮ್ಮೂರಿನ ಹಾಡು ಯಾವುದು?" ಎಂಬ ನಿಮ್ಮ ಒಂದು ಪ್ರಶ್ನೆಗೆ ಎಷ್ಟು ಬೆಲೆಯಿದೆ, ಯೋಚಿಸಿ.

ಇನ್ನು ಊರಿನಲ್ಲಿಯೇ ಇರುವ ಬಂಧುಗಳಿಗೆ ನನ್ನ ವಿನಂತಿ ಇಷ್ಟೆ. ಯಾವ ಜನರ ಒಂದು ಹಾಡನ್ನೂ ನಾವು ಕೇಳಿಲ್ಲವೋ, ಯಾರ ಮನೆಯ ಒಂದು ತುತ್ತನ್ನೂ ಉಂಡಿಲ್ಲವೋ, ಅವರ ಬಗ್ಗೆ ತೀರ್ಪು ಕೊಡುವ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಸ್ವಲ್ಪ ತಡೆಯಿರಿ. ರಾಜಕೀಯವನ್ನು ಟೀಕಿಸೋಣ, ಅನ್ಯಾಯವನ್ನು ಖಂಡಿಸೋಣ. ಅದಕ್ಕೆ ನನ್ನ ಅಡ್ಡಿಯಿಲ್ಲ. ಇಡೀ ಜನಾಂಗಕ್ಕೆ ಹೃದಯವಿಲ್ಲವೆಂದು ಹೇಳುವುದು ಮಾತ್ರ ವಿದ್ಯಾವಂತರಿಗೆ ಒಪ್ಪುವ ಮಾತಲ್ಲ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ಮೇಷ್ಟ್ರ ಹಳೆಯ ಚಾಳಿಯಂತೆ ಮನೆಗೆಲಸ ಕೊಡುತ್ತೇನೆ. ಬೆಳಗಿನ ಕಾಫಿಯ ಹೊತ್ತಿಗೆ ಲೆಬನಾನಿನ ಫೈರೂಝ್ ಅವರ ಹಾಡು ಕೇಳಿ. ಅರಬ್ ನಾಡುಗಳ ಅಸಂಖ್ಯ ಮನೆಗಳಲ್ಲಿ ಬೆಳಗಾಗುವುದೇ ಅವರ ದನಿಯಿಂದ. ಸಂಜೆ ಇರಾಕಿನ ಮುನೀರ್ ಬಶೀರ್ ಅವರ ಊದ್ ವಾದನವನ್ನು ದೀಪ ಆರಿಸಿ ಕೇಳಿ. ಉಮ್ ಕುಲ್ಸೂಮ್ ಅವರಿಗೆ ಒಂದು ಇಡೀ ಗುರುವಾರ ರಾತ್ರಿಯನ್ನು ಮೀಸಲಿಡಿ. ಮೊದಲ ಹದಿನೈದು ನಿಮಿಷ ಬೇಸರವಾದರೆ ಏಳಬೇಡಿ, ಸ್ವರ ನೆಲೆಗೆ ಮರಳುವವರೆಗೆ ಕುಳಿತಿರಿ. ಆಗ ನಿಮ್ಮ ಬಾಯಿಂದ ಹೊರಡುವ ಉದ್ಗಾರ ಯಾವ ಭಾಷೆಯದಾದರೂ ಸರಿ, ನನಗೆ ತಿಳಿಸಿ.